ಅರವತ್ತರ ಆಚೆಗೊಂದು ಕೆಲಸ: ಯಹೂದಿ ಸಮುದಾಯದ ಹಿರಿಯರ ಕೇಂದ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ, ಜೆರುಸಲೇಂನಲ್ಲಿ ವಯಸ್ಸಾದವರೇ ದುಡಿಯುವ ಕಾರ್ಯಾಗಾರವೊಂದರ ಬಗ್ಗೆ ನಾಲ್ಕು ಸಾಲು ಬರೆದು, ಅದನ್ನು ‘ಕ್ರಿಯಾಶೀಲ ವೃದ್ಧಾಪ್ಯ’ ಎಂದು ಕರೆದಿದ್ದೆ. ಅದನ್ನು ಓದಿ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನ್ಯೂಯಾರ್ಕ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಯ ವೃದ್ಧರು ಬೆಳಗಾದರೆ ಚೆನ್ನಾಗಿ ಉಡುಪು ಧರಿಸಿ ಯಹೂದಿ ಸಮುದಾಯ ಕೇಂದ್ರಕ್ಕೆ ಹೊರಡುವುದನ್ನು ಕಂಡೆ. ಇಲ್ಲಿ ನಾವು ಪಬ್ಲಿಕ್ ಗಾರ್ಡನ್‌ನಲ್ಲಿ ಎರಡು ಸುತ್ತು ಹಾಕಿ, ಪತ್ರಿಕೆ ಓದಿ, ಒಂಬತ್ತು ಗಂಟೆಗೆ ಮನೆ ಸೇರಿದರೆ ದಿನ ಮುಗಿದಂತೆಯೇ. ಆ ಕೇಂದ್ರಗಳಲ್ಲಿ ನಡೆಯುವುದಾದರೂ ಏನು? ಬೇರೆ ಧರ್ಮದವರಿಗೆ ಪ್ರವೇಶ ಉಂಟೇ?
– ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಕಲಬುರಗಿ

ಉತ್ತರ: ಮೊದಲು ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಅಮೆರಿಕದ ಯಹೂದಿ ಸಮುದಾಯ ಕೇಂದ್ರಗಳಲ್ಲಿ ಬಹುತೇಕ ಎಲ್ಲವೂ ಇತರರಿಗೂ ತೆರೆದಿವೆ. ನ್ಯೂಯಾರ್ಕ್‌ನ 92ನೆಯ ಬೀದಿಯ ಪ್ರಸಿದ್ಧ ಕೇಂದ್ರವು 1874ರಲ್ಲಿ ಯಹೂದಿ ಯುವಕರ ಸಂಘವಾಗಿ ಹುಟ್ಟಿದ್ದು, ಇಂದು ಅಲ್ಲಿ ಅರವತ್ತು ದಾಟಿದವರಿಗಾಗಿ ವ್ಯಾಯಾಮ, ಭಾಷೆ, ಚಿತ್ರಕಲೆ, ಸಂಗೀತ ಹಾಗೂ ಸಮಕಾಲೀನ ವಿಷಯಗಳ ಚರ್ಚೆ ನಡೆಯುತ್ತವೆ. ಇಂಥ ಕೇಂದ್ರಗಳಲ್ಲಿ ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟವನ್ನು ಆಡುವ ಅಜ್ಜಿಯರ ಗುಂಪು ಇಲ್ಲದಿರುವುದೇ ಅಪರೂಪ. ಆದರೆ ಇವಿಷ್ಟೇ ಆಗಿದ್ದರೆ ನಾನು ಇದರ ಬಗ್ಗೆ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲ. ವೇಳೆ ಕಳೆಯುವ ದಾರಿಗಳು ನಮ್ಮಲ್ಲಿಯೂ ಬೇಕಾದಷ್ಟಿವೆ.

ನಿಮ್ಮಂಥವರು ಗಮನಿಸಬೇಕಾದುದು ಮ್ಯಾನ್‌ಹಟನ್‌ನ ಪೆನ್ ಸೌತ್ ಎಂಬ ವಸತಿ ಸಮುಚ್ಚಯದ ಕಥೆಯನ್ನು. ಸಿದ್ಧ ಉಡುಪು ಕಾರ್ಮಿಕರ ಸಂಘದ ಆಸರೆಯಲ್ಲಿ 1962ರಲ್ಲಿ ಸಿದ್ಧವಾದ ಈ ಸಹಕಾರಿ ಸಮುಚ್ಚಯದಲ್ಲಿ ಹತ್ತು ಕಟ್ಟಡಗಳೂ 2,820 ಮನೆಗಳೂ ಇವೆ. ನಡುವಯಸ್ಸಿನಲ್ಲಿ ಮನೆ ಪಡೆದವರು ಅಲ್ಲಿಯೇ ಉಳಿದುಕೊಂಡದ್ದರಿಂದ, ಎರಡು ದಶಕಗಳು ಕಳೆಯುವಷ್ಟರಲ್ಲಿ ಇಡೀ ಸಮುಚ್ಚಯಕ್ಕೇ ವಯಸ್ಸಾಯಿತು. ಆಗ ನ್ಯೂಯಾರ್ಕ್‌ನ ಯಹೂದಿ ಒಕ್ಕೂಟದ ನೆರವಿನಿಂದ 1986ರಲ್ಲಿ ಒಂದು ಕಾರ್ಯಕ್ರಮ ಆರಂಭವಾಯಿತು. ವೃದ್ಧರನ್ನು ಬೇರೆಲ್ಲಿಗೋ ಸಾಗಿಸದೆ, ಸಮಾಜ ಕಾರ್ಯಕರ್ತರನ್ನೂ ದಾದಿಯರನ್ನೂ ಕಟ್ಟಡದ ಕೆಳ ಅಂತಸ್ತಿಗೇ ಕರೆತರಲಾಯಿತು. ತರಗತಿಗಳನ್ನು ನಡೆಸುವುದು, ನೆರೆಯವರನ್ನು ವಿಚಾರಿಸಿಕೊಳ್ಳುವುದು, ಆಡಳಿತದಲ್ಲಿ ಸಲಹೆ ಕೊಡುವುದು ಇವೆಲ್ಲ ಅಲ್ಲಿಯ ನಿವಾಸಿಗಳ ಪಾಲಿಗೆ ಬಂದವು. ತೊಂಬತ್ತರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯವೂ ಆ ನಂತರ ನಗರಾಡಳಿತವೂ ಇದೇ ಮಾದರಿಗೆ ಹಣ ಕೊಡತೊಡಗಿದವು.

ಕಲಬುರಗಿಯಲ್ಲಿ ಎಂಬತ್ತರ ದಶಕದಲ್ಲಿ ನೌಕರರು, ಶಿಕ್ಷಕರು ಮತ್ತು ಬ್ಯಾಂಕಿನವರು ಒಟ್ಟಿಗೆ ನಿವೇಶನ ಪಡೆದು ಮನೆ ಕಟ್ಟಿಕೊಂಡ ಬಡಾವಣೆಗಳನ್ನು ಒಮ್ಮೆ ನೆನೆಯಿರಿ. ಒಂದೇ ಕಾಲಕ್ಕೆ ಗೃಹಪ್ರವೇಶ ಮಾಡಿದವರು ಈಗ ಒಂದೇ ಕಾಲಕ್ಕೆ ಎಪ್ಪತ್ತು ದಾಟಿದ್ದಾರೆ. ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ ಸೇರಿದ್ದಾರೆ. ಮೇಲಿನ ಅಂತಸ್ತು ಬಾಡಿಗೆಗಿದೆ. ಇಂಥ ಬಡಾವಣೆಗಳಿಗೆ ಹೊಸ ವೃದ್ಧಾಶ್ರಮಕ್ಕಿಂತ ಪೆನ್ ಸೌತ್‌ನ ದಾರಿ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಬಡಾವಣೆಯ ಗುಡಿಯ ಪಕ್ಕದ ಸಭಾಭವನದಲ್ಲಿ ವಾರಕ್ಕೊಮ್ಮೆ ದಾದಿಯೊಬ್ಬರು ಬಂದು ಕುಳಿತರೂ ಅದು ಆರಂಭವೇ.

ಪ್ರಶ್ನೆ: ನನ್ನ ಮಗಳು ಜೆರುಸಲೇಂನಲ್ಲಿ ಒಬ್ಬ ವೃದ್ಧೆಯ ಆರೈಕೆಯ ಕೆಲಸ ಮಾಡುತ್ತಾಳೆ. ಅದೇ ಕಟ್ಟಡದ ಇನ್ನೊಬ್ಬ ಆಯಿ, ಎಂಬತ್ತರ ಹತ್ತಿರದವರು, ದಿನವೂ ಬೆಳಿಗ್ಗೆ ಕಸೂತಿ ಹಾಕುವ ಕೆಲಸಕ್ಕೆ ಹೋಗುತ್ತಾರಂತೆ, ಹಣವನ್ನೂ ಪಡೆಯುತ್ತಾರಂತೆ. ನೀವು ಬರೆದದ್ದು ಅದೇ ಸ್ಥಳದ ಬಗ್ಗೆ ಇರಬೇಕು. ನಮ್ಮ ಕಡೆ ಆ ವಯಸ್ಸಿನವರನ್ನು ಕೆಲಸಕ್ಕೆ ಕಳಿಸಿದರೆ ಮಕ್ಕಳಿಗೆ ಮರ್ಯಾದೆ ಉಳಿಯುವುದಿಲ್ಲ. ಇದು ಸರಿಯೇ?
– ಗೃಹಿಣಿ, ಬೀದರ್

ಉತ್ತರ: ನಾನು ಬರೆದದ್ದು ‘ಯಾದ್ ಲಾಕಶಿಶ್’ ಎಂಬ ಸಂಸ್ಥೆಯ ಬಗ್ಗೆ. ನಿಮ್ಮ ಮಗಳು ಹೇಳಿದ್ದು ಅದೇ ಇರಬಹುದು. ಅದನ್ನು 1962ರಲ್ಲಿ ಕಟ್ಟಿದವರು ಮಿರಿಯಂ ಮೆಂಡಿಲೋ ಎಂಬ ಶಿಕ್ಷಕಿ. ಜೆರುಸಲೇಂನ ಬೀದಿಗಳಲ್ಲಿ ವೃದ್ಧರು ಭಿಕ್ಷೆ ಬೇಡುತ್ತಿದ್ದ ಕಾಲ ಅದು. ಅವರ ಬಗ್ಗೆ ತನ್ನ ವಿದ್ಯಾರ್ಥಿಗಳು ತಾತ್ಸಾರದಿಂದ ಮಾತನಾಡುವುದು ಆಕೆಯನ್ನು ಕಾಡಿತು. ಮಕ್ಕಳಿಗೆ ನೀತಿಪಾಠ ಹೇಳಿ ಸುಮ್ಮನಾಗುವ ಬದಲು ಆಕೆ ವೃದ್ಧರನ್ನು ಕೂಡಿಸಿಕೊಂಡು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಆರಂಭಿಸಿದರು. ಹರಿದ ಶಾಲಾ ಪುಸ್ತಕಗಳು ಅವರ ಕೈಯಲ್ಲಿ ಗಟ್ಟಿಯಾಗಿ ಮರಳಿ ಮಕ್ಕಳ ಕೈಸೇರಿದವು. ತಾತ್ಸಾರ ಮಾಡುತ್ತಿದ್ದ ಮಕ್ಕಳು ಆ ಮುದುಕರು ದುರಸ್ತಿ ಮಾಡಿದ ಪುಸ್ತಕವನ್ನೇ ಓದಬೇಕಾಯಿತು. ಆ ಶಿಕ್ಷಕಿಯ ಜಾಣತನಕ್ಕೆ ನಾನು ಈಗಲೂ ಬೆರಗಾಗುತ್ತೇನೆ.

ಇಂದು ಅಲ್ಲಿ ನೂರಾರು ಹಿರಿಯರು ಮಣ್ಣಿನ ಸಾಮಾನು, ಲೋಹದ ಕೆಲಸ, ಕಸೂತಿ, ರೇಷ್ಮೆಯ ಮೇಲೆ ಚಿತ್ರ, ರಟ್ಟು ಕಟ್ಟುವುದು, ಕಾಗದದ ಮುದ್ದೆಯ ವಸ್ತುಗಳು ಹೀಗೆ ಬೇರೆ ಬೇರೆ ವಿಭಾಗಗಳಲ್ಲಿ ಕೆಲಸ ಮಾಡುತ್ತಾರೆ. ಹಿಂದಿನ ಸೋವಿಯತ್ ಒಕ್ಕೂಟದಿಂದಲೂ ಇಥಿಯೋಪಿಯಾದಿಂದಲೂ ವಲಸೆ ಬಂದವರು ಅವರಲ್ಲಿ ಅನೇಕರು; ಪಿಂಚಣಿ ಕಡಿಮೆ, ಹೊಸ ದೇಶದ ಭಾಷೆ ಅರ್ಧಂಬರ್ಧ. ಅವರಿಗೆ ತಿಂಗಳಿಗೆ ಒಂದು ಸಣ್ಣ ಗೌರವಧನ, ಬಸ್ಸಿನ ಖರ್ಚು, ಮಧ್ಯಾಹ್ನದ ಬಿಸಿಯೂಟ ಸಿಗುತ್ತವೆ. ಅವರು ಮಾಡಿದ ಪ್ರಾರ್ಥನೆಯ ಶಾಲು, ಮೇಜಿನ ಹಾಸು, ದೀಪದ ಕಂಬ ಮುಂತಾದವನ್ನು ಅಲ್ಲಿಯ ಅಂಗಡಿಯಲ್ಲಿ ಪ್ರವಾಸಿಗರು ಪೂರ್ಣ ಬೆಲೆ ಕೊಟ್ಟು ಕೊಳ್ಳುತ್ತಾರೆ. ಪಾಪ ಮುದುಕರು ಎಂದು ಮನೆಗೊಯ್ದು ಮೂಲೆಗಿಡುವ ವಸ್ತುಗಳಲ್ಲ ಅವು. ಕೆಲಸವನ್ನು ಹಂತಗಳಾಗಿ ಒಡೆಯುವುದು ಅಲ್ಲಿಯ ಇನ್ನೊಂದು ವಿಶೇಷ: ಕಣ್ಣು ಮಂಜಾದವರಿಗೆ ಮಣ್ಣು ಹದ ಮಾಡುವ ಹಂತ, ಕೈ ನಡುಗುವವರಿಗೆ ಅಂಟು ಬಳಿಯುವ ಹಂತ, ಕೈ ಸ್ಥಿರವಿದ್ದವರಿಗೆ ಬಣ್ಣದ ಗೆರೆ ಎಳೆಯುವ ಹಂತ ಎಂಬಂತೆ ಹಂಚಿಕೊಂಡರೆ ಯಾರೂ ಸುಮ್ಮನೆ ಕೂರಬೇಕಾಗುವುದಿಲ್ಲ.

ಇನ್ನು ಮರ್ಯಾದೆಯ ಪ್ರಶ್ನೆ. ಮಗನ ಮನೆಯಲ್ಲಿ ಚಹಾ ಬೇಕೆಂದು ಕೇಳುವುದಕ್ಕೂ ಸಂಕೋಚಪಡುವ ತಾಯಂದಿರನ್ನು, ಮೊಮ್ಮಗನಿಗೆ ಹತ್ತು ರೂಪಾಯಿ ಕೊಡಲು ಸೊಸೆಯನ್ನು ಕೇಳಬೇಕಾದ ಅಜ್ಜಿಯರನ್ನು ನೀವೂ ನೋಡಿರುತ್ತೀರಿ. ಕೇಳಿ ಪಡೆಯುವುದರಲ್ಲಿ ಇರುವ ಮರ್ಯಾದೆ ದುಡಿದು ಪಡೆಯುವುದರಲ್ಲಿ ಹೇಗೆ ಇಲ್ಲವಾಗುತ್ತದೆ ಎಂಬುದು ನನಗೆ ತಿಳಿಯದು. ಕಾಯಕ ಮತ್ತು ದಾಸೋಹದ ಮಾತುಗಳು ಹುಟ್ಟಿ ಬೆಳೆದದ್ದು ನಿಮ್ಮದೇ ಜಿಲ್ಲೆಯ ಬಸವಕಲ್ಯಾಣದಲ್ಲಿ. ಶರಣರು ಕಾಯಕಕ್ಕೆ ವಯಸ್ಸಿನ ಮಿತಿ ಹಾಕಲಿಲ್ಲ. ಹಾಗೆಂದು ಮಕ್ಕಳು ಸಾಕುವ ಹೊಣೆಯನ್ನು ಕಳಚಿಕೊಳ್ಳಲು ಇದನ್ನು ನೆಪ ಮಾಡಿಕೊಳ್ಳಬಾರದು. ತಂದೆ ತಾಯಿಯ ಪೋಷಣೆ ಮಕ್ಕಳ ಕಾನೂನುಬದ್ಧ ಕರ್ತವ್ಯವೆಂದು 2007ರ ಕಾಯ್ದೆ ಹೇಳುತ್ತದೆ. ಜೀವನೋಪಾಯ ಮಕ್ಕಳದು, ಕೈಖರ್ಚು ತನ್ನದು ಎಂಬ ಏರ್ಪಾಡಿನಲ್ಲಿ ಯಾರ ಮರ್ಯಾದೆಗೂ ಕುಂದಿಲ್ಲ.

ಬೀದರಿನಲ್ಲಿ ಇದಕ್ಕೆ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಬಿದ್ರಿ ಕೆಲಸದಲ್ಲಿ ಎರಕ ಹೊಯ್ಯುವುದು, ಅರ ಹಾಕುವುದು, ಗೆರೆ ಕೊರೆಯುವುದು, ಬೆಳ್ಳಿ ತಂತಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣಿನಲ್ಲಿ ಕುದಿಸಿ ಕಪ್ಪು ಬರಿಸುವುದು ಎಂದು ಹಂತಗಳು ಮೊದಲೇ ಒಡೆದುಕೊಂಡಿವೆ. ಕಣ್ಣು ಸೋತು ಬೆಳ್ಳಿ ಕೂರಿಸುವುದನ್ನು ಬಿಟ್ಟ ಹಿರಿಯ ಕುಶಲಕರ್ಮಿಗೆ ಮಣ್ಣಿನ ಗುಣವನ್ನು ಗುರುತಿಸುವ ಜಾಣ್ಮೆ ಉಳಿದೇ ಇರುತ್ತದೆ. ಅದನ್ನು ಕಲಿಸುವುದಕ್ಕೆ ಅವರಿಗೆ ಸಂಬಳ ಕೊಡುವವರು ಬೇಕು, ಅಷ್ಟೆ.

ಪ್ರಶ್ನೆ: ನಮ್ಮ ಮುತ್ಯಾನಿಗೆ ಎಪ್ಪತ್ತೆರಡು. ಇವತ್ತಿಗೂ ತೊಗರಿ ಹೊಲಕ್ಕೆ ಹೋಗುತ್ತಾರೆ. ನನ್ನ ತಂದೆ ತಾಯಿ ಬೆಂಗಳೂರಿಗೆ ಗುಳೆ ಹೋದಾಗ ನಮ್ಮನ್ನು ಬೆಳೆಸಿದವರೂ ಅವರೇ. ನಿಮ್ಮ ‘ಕ್ರಿಯಾಶೀಲ ವೃದ್ಧಾಪ್ಯ’ ಎಂಬ ಮಾತು ಓದಿ ನಗು ಬಂತು. ನಮ್ಮೂರಿನ ಮುದುಕರಿಗೆ ಬೇಕಾದದ್ದು ಕೆಲಸವಲ್ಲ, ಬಿಡುವು.
– ಪದವಿ ವಿದ್ಯಾರ್ಥಿ, ಯಾದಗಿರಿ ತಾಲ್ಲೂಕು

ಉತ್ತರ: ನಿಮ್ಮ ನಗು ನ್ಯಾಯವಾದದ್ದೇ. ಈ ಮಾತು ಹುಟ್ಟಿದ್ದು ನಿಶ್ಚಿತ ದಿನಾಂಕಕ್ಕೆ ನಿವೃತ್ತಿಯಾಗುವ ನಗರದ ಸಂಬಳದಾರರ ನಡುವೆ. ಗುಳೆ ಹೋದ ಮಕ್ಕಳ ಮಕ್ಕಳನ್ನು ಸಾಕುವ, ದನ ಕಟ್ಟುವ, ರೇಷನ್ ಸಾಲಿನಲ್ಲಿ ನಿಲ್ಲುವ ಹಳ್ಳಿಯ ಮುದುಕರಿಗೆ ಚಟುವಟಿಕೆಯ ಬಗ್ಗೆ ಪಾಠ ಹೇಳುವುದು ಅಧಿಕಪ್ರಸಂಗ. ಆದರೂ ಯಹೂದಿ ಪರಂಪರೆಯಲ್ಲಿ ನಿಮ್ಮ ಆಕ್ಷೇಪಕ್ಕೆ ಸರಿಹೊಂದುವ ಒಂದು ಹಳೆಯ ನಿಯಮವಿದೆ. ಅವರ ಧರ್ಮಗ್ರಂಥದ ಅರಣ್ಯಕಾಂಡದಲ್ಲಿ, ದೇವದರ್ಶನದ ಗುಡಾರದ ಸೇವೆಗೆ ನಿಂತ ಲೇವಿ ಕುಲದವರು ಐವತ್ತು ವರ್ಷ ತುಂಬಿದೊಡನೆ ಕಷ್ಟದ ಸೇವೆಯಿಂದ ನಿವೃತ್ತರಾಗಬೇಕು, ಆದರೆ ಕಾವಲಿನಲ್ಲಿ ತಮ್ಮ ಸಹೋದರರಿಗೆ ನೆರವಾಗಬಹುದು ಎಂದು ಹೇಳಿದೆ. ಭಾರ ಹೊರುವುದು ನಿಲ್ಲುತ್ತದೆ, ಗುಡಾರದೊಳಗಿನ ಸ್ಥಾನ ಹೋಗುವುದಿಲ್ಲ. ನಿಮ್ಮ ಮುತ್ಯಾನ ವಿಷಯದಲ್ಲಿ ಆಗಬೇಕಾದುದೂ ಇದೇ: ಕಳೆ ತೆಗೆಯುವ ಕೆಲಸ ನಿಲ್ಲಬೇಕು, ಯಾವ ಮಳೆಗೆ ಯಾವ ಬೀಜ ಎಂಬ ಮಾತಿನಲ್ಲಿ ಅವರ ಹಿರಿತನ ಉಳಿಯಬೇಕು.

ಅದೇ ಪರಂಪರೆಯಲ್ಲಿ ಇನ್ನೂ ಕೆಲವು ಮಾತುಗಳಿವೆ. ನರೆತ ತಲೆಯವರ ಎದುರು ಎದ್ದು ನಿಲ್ಲಬೇಕೆಂಬ ಯಾಜಕಕಾಂಡದ ಆಜ್ಞೆಯನ್ನು ಇಸ್ರೇಲಿನ ಬಸ್ಸುಗಳಲ್ಲಿ ಹಿರಿಯರ ಆಸನದ ಬಳಿ ಬರೆದಿರುತ್ತಾರೆ. ನಮ್ಮ ಬಸ್ಸುಗಳಲ್ಲಿಯೂ ‘ಹಿರಿಯ ನಾಗರಿಕರಿಗೆ’ ಎಂದು ಬರೆದಿದೆ. ಆ ಬರಹದ ಕೆಳಗೆ ಕುಳಿತು ಮೊಬೈಲ್ ನೋಡುವ ಹುಡುಗರು ಅಲ್ಲಿಯೂ ಇಲ್ಲವೆಂದು ನಾನು ಹೇಳಲಾರೆ. ಯಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮೂಡ್ ಇನ್ನೂ ಸೂಕ್ಷ್ಮವಾಗಿದೆ. ಪ್ರವಾದಿ ಮೋಶೆ ಒಡೆದು ಹಾಕಿದ, ದೇವರ ಆಜ್ಞೆಗಳಿದ್ದ ಶಿಲಾಶಾಸನದ ಚೂರುಗಳನ್ನು ಎಸೆಯದೆ, ಹೊಸ ಶಾಸನಗಳ ಜೊತೆಯಲ್ಲೇ ಮಂಜೂಷವೆಂಬ ಪವಿತ್ರ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆದ್ದರಿಂದ ಕಲಿತದ್ದನ್ನು ಮರೆತ ವೃದ್ಧ ಪಂಡಿತನನ್ನೂ ಅದೇ ಗೌರವದಿಂದ ಕಾಣಬೇಕು ಎಂದು ಅದು ಬೋಧಿಸುತ್ತದೆ. ಅಂದರೆ ಉಪಯೋಗಕ್ಕೆ ಬರುವವರೆಗೆ ಮಾತ್ರ ಗೌರವ ಎಂಬ ಲೆಕ್ಕವನ್ನು ಅವರು ಒಪ್ಪುವುದಿಲ್ಲ. ಬಿಡುವು ಬೇಕೆಂಬ ನಿಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ನನಗೆ ತೋರದು.

ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಗೆ 65 ವರ್ಷ ತುಂಬಿದ, ಆದಾಯ ಮಿತಿಯೊಳಗಿನವರು ಅರ್ಹರು. ಮುತ್ಯಾನ ಹೆಸರು ಅದರಲ್ಲಿ ಇಲ್ಲದಿದ್ದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸುವುದು ಪದವಿ ಓದುತ್ತಿರುವ ಮೊಮ್ಮಗನ ಕೆಲಸ.

ಪ್ರಶ್ನೆ: ಯಹೂದಿಗಳು ಶ್ರೀಮಂತರು, ಅವರಿಗೆ ಇದೆಲ್ಲ ಸಾಧ್ಯ. ನಮ್ಮಂಥ ಹಿಂದುಳಿದ ಜಿಲ್ಲೆಗಳಿಗೆ ಈ ಮಾತು ಏಕೆ? ನಮ್ಮ ಭಾಗದಲ್ಲಿ ಒಬ್ಬ ಯಹೂದಿಯಾದರೂ ಇದ್ದಾನೆಯೇ?
– ವ್ಯಾಪಾರಿ, ಬಸವಕಲ್ಯಾಣ

ಉತ್ತರ: ಎಲ್ಲ ಯಹೂದಿಗಳೂ ಶ್ರೀಮಂತರೆಂಬುದು ಹಳೆಯ ತಪ್ಪು ಕಲ್ಪನೆ. ಎರಡನೆಯ ಮಹಾಯುದ್ಧದ ನಂತರ ಇಸ್ರೇಲಿಗೆ ಬಂದವರಲ್ಲಿ ಎಲ್ಲವನ್ನೂ ಕಳೆದುಕೊಂಡ ವೃದ್ಧರೂ ರೋಗಿಗಳೂ ಬಹಳ ಮಂದಿ ಇದ್ದರು. ಅವರ ಆರೈಕೆಗಾಗಿ 1949ರಲ್ಲಿ, 1914ರಲ್ಲೇ ಹುಟ್ಟಿದ್ದ ‘ಜಾಯಿಂಟ್’ ಎಂಬ ಅಮೆರಿಕದ ಯಹೂದಿ ಪರಿಹಾರ ಸಂಸ್ಥೆಯು ‘ಮಾಲ್ಬೆನ್’ ಎಂಬ ವ್ಯವಸ್ಥೆಯನ್ನು ನಡೆಸತೊಡಗಿತು. 1969ರಲ್ಲಿ ಅದೇ ಸಂಸ್ಥೆ ಇಸ್ರೇಲ್ ಸರ್ಕಾರದೊಂದಿಗೆ ಸೇರಿ ‘ಎಶೆಲ್’ ಎಂಬ ಸಂಘವನ್ನು ಕಟ್ಟಿ, ಹಿರಿಯರಿಗಾಗಿ ಹಗಲು ಕೇಂದ್ರಗಳನ್ನೂ ಮನೆಯಲ್ಲೇ ಉಳಿಯಲು ನೆರವಾಗುವ ಸೇವೆಗಳನ್ನೂ ರೂಪಿಸಿತು. ಹಣ ಬಂದದ್ದು ಕೆಲವೇ ಧನಿಕರ ಚೀಲದಿಂದಲ್ಲ. ಊರೂರಿನ ಒಕ್ಕೂಟಗಳು ವರ್ಷಕ್ಕೊಮ್ಮೆ ಮನೆಮನೆಯಿಂದ ವಂತಿಗೆ ಎತ್ತುತ್ತವೆ, ಅದರ ಮೇಲೆ ಸರ್ಕಾರದ ಅನುದಾನ ಸೇರುತ್ತದೆ. ಜಾತ್ರೆಗೆ ಪಟ್ಟಿ ಎತ್ತುವ ನಮ್ಮವರಿಗೆ ಇದು ಹೊಸ ವಿದ್ಯೆಯಲ್ಲ. ಪಟ್ಟಿಯ ಉದ್ದೇಶ ಮಾತ್ರ ಬೇರೆ.

ನಮಗೆ ಹತ್ತಿರದ ಯಹೂದಿ ನೆಲೆಗಳು ಪುಣೆ, ಮುಂಬಯಿ ಮತ್ತು ಕೊಂಕಣ. ಕೊಂಕಣದ ಬೆನೆ ಇಸ್ರೇಲ್ ಜನರನ್ನು ಹಿಂದೆ ‘ಶನಿವಾರ ತೇಲಿ’ ಎಂದು ಕರೆಯುತ್ತಿದ್ದರು, ಏಕೆಂದರೆ ಅವರು ಗಾಣದ ಕಸುಬಿನವರಾಗಿದ್ದು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಮುಂಬಯಿಯ ಮೊದಲ ಸಿನಗಾಗನ್ನು (ಯಹೂದಿ ಪ್ರಾರ್ಥನಾ ಮಂದಿರವನ್ನು) 1796ರಲ್ಲಿ ಕಟ್ಟಿಸಿದ ಸ್ಯಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವನು. ಟಿಪ್ಪುವಿನ ಸೆರೆಯಿಂದ ಪಾರಾದ ಕೃತಜ್ಞತೆಗೆ ಅದನ್ನು ಕಟ್ಟಿಸಿದನೆಂಬ ಪ್ರತೀತಿಯುಂಟು. ಬಹುಪಾಲು ಬೆನೆ ಇಸ್ರೇಲ್ ಕುಟುಂಬಗಳು ಇಸ್ರೇಲಿಗೆ ವಲಸೆ ಹೋಗಿದ್ದು, ಉಳಿದ ಕೆಲವು ಸಾವಿರ ಜನರ ನಡುವಿನ ಬಡ ವೃದ್ಧರಿಗೆ ಮುಂಬಯಿಯಲ್ಲಿಯೂ ‘ಜಾಯಿಂಟ್’ ನೆರವಾಗುತ್ತದೆ.

ಪ್ರಶ್ನೆ: ನಮ್ಮದು ನಿವೃತ್ತ ನೌಕರರ ಸಂಘ. ಅಕ್ಟೋಬರ್ 1ರಂದು ಹಿರಿಯರ ದಿನಾಚರಣೆ, ಎಂಬತ್ತು ತುಂಬಿದವರಿಗೆ ಶಾಲು ಹಣ್ಣು, ವರ್ಷಕ್ಕೊಂದು ಪ್ರವಾಸ. ಸದಸ್ಯರ ಹಾಜರಿ ಇಳಿಯುತ್ತಿದೆ. ನೀವು ಹೇಳುವ ರೀತಿಯ ಅರ್ಥಪೂರ್ಣ ಕೆಲಸವನ್ನು ಎಲ್ಲಿಂದ ಆರಂಭಿಸಬಹುದು? ನಮಗೆ ಸ್ವಂತ ಕಟ್ಟಡವಿಲ್ಲ.
– ಸಂಘದ ಕಾರ್ಯದರ್ಶಿ, ಸುರಪುರ

ಉತ್ತರ: ಕಟ್ಟಡವಿಲ್ಲದಿರುವುದು ಒಂದು ರೀತಿಯಲ್ಲಿ ಅನುಕೂಲವೇ. ಕಟ್ಟಡ ಇದ್ದಿದ್ದರೆ ಉದ್ಘಾಟನೆಗೆ ಯಾರನ್ನು ಕರೆಯುವುದು ಎಂಬ ಚರ್ಚೆಯಲ್ಲಿಯೇ ಎರಡು ವರ್ಷ ಹೋಗುತ್ತಿತ್ತು.

ಅಮೆರಿಕದ ಯಹೂದಿ ಚಿಂತಕ ಅಬ್ರಹಾಂ ಜೋಶುವಾ ಹೆಶೆಲ್ 1961ರಲ್ಲಿ ಶ್ವೇತಭವನ ಕರೆದ ವೃದ್ಧಾಪ್ಯ ಸಮ್ಮೇಳನದಲ್ಲಿ ಮಾತನಾಡುತ್ತ, ವಯಸ್ಸಾದವರಿಗೆ ಮನರಂಜನೆ ಒದಗಿಸಿದರೆ ಕರ್ತವ್ಯ ಮುಗಿಯಿತೆಂಬ ಧೋರಣೆಯನ್ನು ಕಟುವಾಗಿ ಟೀಕಿಸಿದರು. ಮನುಷ್ಯನಿಗೆ ಕೊನೆಯವರೆಗೂ ತಾನು ಯಾರಿಗಾದರೂ ಬೇಕಾದವನು ಎಂಬ ಭಾವ ಬೇಕು, ಒಳಗಿನ ಬೆಳವಣಿಗೆಗೆ ಅವಕಾಶ ಬೇಕು ಎಂಬುದು ಅವರ ವಾದದ ತಿರುಳು. ನಿಮ್ಮ ಸಂಘದ ಹಾಜರಿ ಏಕೆ ಇಳಿಯುತ್ತಿದೆ ಎಂಬುದಕ್ಕೆ ಅಲ್ಲಿಯೇ ಉತ್ತರವಿದೆ. ಬಾರದಿದ್ದರೂ ನಡೆಯುತ್ತದೆ ಎಂದು ಗೊತ್ತಿರುವ ಸಭೆಗೆ ಯಾರು ಬರುತ್ತಾರೆ? ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕರು ಸೇರಲೇಬೇಕು, ಒಂಬತ್ತು ಜನರಿದ್ದರೆ ಪ್ರಾರ್ಥನೆಯ ಕೆಲವು ಭಾಗಗಳನ್ನು ಹೇಳುವಂತಿಲ್ಲ. ವಾರದ ದಿನಗಳ ಮುಂಜಾನೆ ಆ ಸಂಖ್ಯೆಯನ್ನು ತುಂಬುವವರು ಬಹಳಷ್ಟು ಕಡೆ ನಿವೃತ್ತರೇ. ಮಂಡಿನೋವಿದ್ದರೂ ಅವರು ಬರುವುದು, ತಾವು ತಪ್ಪಿಸಿದರೆ ಉಳಿದ ಒಂಬತ್ತು ಜನ ಕಾಯುತ್ತ ಕೂರಬೇಕಾಗುತ್ತದೆ ಎಂಬ ಕಾರಣಕ್ಕೆ.

ಆದ್ದರಿಂದ ಊರಿಗೆ ಅಗತ್ಯವಾದ, ನಿಮ್ಮವರು ಮಾಡದಿದ್ದರೆ ನಿಂತುಹೋಗುವ ಒಂದು ಕೆಲಸವನ್ನು ಹಿಡಿಯಿರಿ. ನನ್ನ ಸಲಹೆ ‘ಯಾದ್ ಸಾರಾ’ ಮಾದರಿಯದು. 1976ರಲ್ಲಿ ಜೆರುಸಲೇಂನ ಊರಿ ಲುಪೋಲಿಯಾನ್ಸ್ಕಿ ಎಂಬ ತರುಣ ಶಿಕ್ಷಕ, ಕಾಯಿಲೆ ಬಿದ್ದ ತನ್ನ ಮಗುವಿಗಾಗಿ ನೆರೆಯವರಿಂದ ಹಬೆಯಂತ್ರವನ್ನು ಎರವಲು ತಂದ. ಎಷ್ಟೋ ಮನೆಗಳಿಗೆ ಇದರ ಅಗತ್ಯವಿದೆಯೆಂದು ಕಂಡು, ಕೆಲವು ಯಂತ್ರಗಳನ್ನು ಕೊಂಡು ತನ್ನ ಮನೆಯಿಂದಲೇ ಎರವಲು ಕೊಡಲು ಆರಂಭಿಸಿದ. ಅದು ಬೆಳೆದು ಗಾಲಿಕುರ್ಚಿ, ಊರುಗೋಲು, ವಾಕರ್, ಆಸ್ಪತ್ರೆಯ ಮಂಚ, ಆಮ್ಲಜನಕದ ಯಂತ್ರಗಳನ್ನು ನೂರಕ್ಕೂ ಹೆಚ್ಚು ಶಾಖೆಗಳಲ್ಲಿ ಎರವಲು ಕೊಡುವ ಸಂಸ್ಥೆಯಾಯಿತು. ಬಾಡಿಗೆ ಇಲ್ಲ, ವಸ್ತು ಮರಳಿಸಿದಾಗ ಠೇವಣಿ ವಾಪಸು, ಜಾತಿ ಧರ್ಮದ ವಿಚಾರಣೆ ಇಲ್ಲ. ಅಲ್ಲಿಯ ಸಾವಿರಾರು ಸ್ವಯಂಸೇವಕರಲ್ಲಿ ದೊಡ್ಡ ಪಾಲು ನಿವೃತ್ತರದು: ಎಂಜಿನಿಯರ್ ಆಗಿದ್ದವರು ಗಾಲಿಕುರ್ಚಿಯ ಚಕ್ರ ಬಿಗಿಯುತ್ತಾರೆ, ಲೆಕ್ಕಪತ್ರ ಬಲ್ಲವರು ಠೇವಣಿಯ ದಾಖಲೆ ಬರೆಯುತ್ತಾರೆ. ಆ ಶಿಕ್ಷಕ ಮುಂದೆ ಜೆರುಸಲೇಂನ ಮೇಯರ್ ಆದ. ಸಂಸ್ಥೆಗೆ 1994ರಲ್ಲಿ ಇಸ್ರೇಲಿನ ಅತ್ಯುನ್ನತ ರಾಷ್ಟ್ರೀಯ ಪುರಸ್ಕಾರ ಬಂತು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಇದರ ಅಗತ್ಯ ಕಣ್ಣಿಗೆ ಕಾಣುವಂಥದ್ದು. ಕಾಲು ಮುರಿದು ಕಲಬುರಗಿಯ ಆಸ್ಪತ್ರೆಯಿಂದ ಊರಿಗೆ ಮರಳುವ ರೈತನಿಗೆ ಎರಡು ತಿಂಗಳ ಮಟ್ಟಿಗೆ ವಾಕರ್ ಬೇಕು. ಲಕವಾ ಹೊಡೆದ ತಾಯಿಗೆ ಕಮೋಡ್ ಕುರ್ಚಿ ಬೇಕು. ಕೊಂಡವರ ಮನೆಯಲ್ಲಿಯೋ, ಅಗತ್ಯ ತೀರಿದ ಮೇಲೆ ಅದೇ ವಸ್ತು ಅಟ್ಟ ಸೇರಿ ತುಕ್ಕು ಹಿಡಿಯುತ್ತದೆ. ನಿಮ್ಮ ಸದಸ್ಯರ ಅಟ್ಟಗಳನ್ನೇ ಮೊದಲು ಹುಡುಕಿಸಿ. ಸಿಕ್ಕಿದ್ದನ್ನು ದುರಸ್ತಿ ಮಾಡಿಸಿ, ಬಣ್ಣ ಹಚ್ಚಿ, ಅಂಕಿ ಬರೆದು, ಒಂದು ವಹಿಯಲ್ಲಿ ನಮೂದಿಸಿ. ಠೇವಣಿಯನ್ನು ಕೂಲಿಯವರೂ ಕೊಡಬಲ್ಲಷ್ಟೇ ಇಡಿ, ಆದರೆ ಪೂರ್ತಿ ಬಿಡಬೇಡಿ. ಬಿಟ್ಟರೆ ವಸ್ತು ಮರಳುವುದು ಕಷ್ಟ. ಕೊಟ್ಟ ವಾರಕ್ಕೆ ಒಬ್ಬ ಸದಸ್ಯರು ಆ ಮನೆಗೆ ಹೋಗಿ, ವಾಕರ್‌ನ ಎತ್ತರ ಸರಿಯಿದೆಯೇ, ರೋಗಿ ಅದನ್ನು ಬಳಸುತ್ತಿದ್ದಾರೆಯೇ ಎಂದು ನೋಡಿ ಬರುವ ಪದ್ಧತಿ ಇಟ್ಟುಕೊಂಡರೆ, ಎರವಲಿನ ಲೆಕ್ಕದ ಜೊತೆಗೆ ಮನುಷ್ಯ ಸಂಪರ್ಕವೂ ಬೆಳೆಯುತ್ತದೆ. ನಿಮ್ಮ ಸಂಘ ಇನ್ನೂ ನೋಂದಣಿಯಾಗದಿದ್ದರೆ ಏಳು ಸದಸ್ಯರಿದ್ದರೆ ಸಾಕು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಅದನ್ನು ಮಾಡಿಸಿಕೊಳ್ಳಬಹುದು. ದಾನದ ಹಣ ಬರತೊಡಗಿದ ಮೇಲೆ ಅದು ಬೇಕೇಬೇಕು.

ಶಾಲು ಹಣ್ಣಿನ ಸನ್ಮಾನವನ್ನು ನಿಲ್ಲಿಸಬೇಕೆಂದೇನೂ ಇಲ್ಲ. ಯಹೂದಿಗಳಲ್ಲಿಯೂ ಅಂಥ ಸಂಭ್ರಮಗಳಿವೆ: ಎಪ್ಪತ್ತು ವರ್ಷವನ್ನು ಮನುಷ್ಯನ ಪೂರ್ಣಾಯುಷ್ಯವೆಂದು ಎಣಿಸಿ, ಅಲ್ಲಿಂದ ಮತ್ತೆ ಬದುಕು ಹೊಸದಾಯಿತೆಂದು ಹಿಡಿದು, ಹುಡುಗ ಧಾರ್ಮಿಕ ಹೊಣೆ ಹೊರುವ ಹದಿಮೂರನೆಯ ವಯಸ್ಸಿನ ಬಾರ್ ಮಿತ್ಸ್ವಾ ಸಂಸ್ಕಾರವನ್ನು ಎಂಬತ್ತಮೂರರಲ್ಲಿ ಎರಡನೆಯ ಬಾರಿ ಆಚರಿಸಿಕೊಳ್ಳುವವರಿದ್ದಾರೆ. ಒಂದು ವ್ಯತ್ಯಾಸವನ್ನು ಗಮನಿಸಿ: ಅಲ್ಲಿ ಆ ಹಿರಿಯ ಸುಮ್ಮನೆ ಕುಳಿತು ಶಾಲು ಹೊದಿಸಿಕೊಳ್ಳುವುದಿಲ್ಲ, ಎಲ್ಲರೆದುರು ಎದ್ದು ನಿಂತು ಧರ್ಮಗ್ರಂಥ ಪಠಣಕ್ಕೆ ಮುಂದಾಗುತ್ತಾನೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ ಎಪ್ಪತ್ತಾರು. ಓದು ಬರಹ ಬಾರದು, ಮಂಡಿನೋವಿನಿಂದ ಹೊರಗೆ ಹೋಗುವುದಿಲ್ಲ. ಇಡೀ ದಿನ ಟಿವಿ ಮುಂದೆ ಕುಳಿತು ಸಂಜೆಗೆ ಯಾರ ಮೇಲಾದರೂ ಸಿಟ್ಟಾಗುತ್ತಾರೆ. ನಾನು ಕೆಲಸಕ್ಕೆ ಹೋಗುವವಳು. ನೀವು ಬರೆಯುವ ಕಾರ್ಯಕ್ರಮಗಳು ಓದಿದ, ಓಡಾಡುವ ಗಂಡಸರಿಗೆ ಮಾತ್ರವೇ?
– ಉದ್ಯೋಗಸ್ಥ ಸೊಸೆ, ಕಲಬುರಗಿ

ಉತ್ತರ: ನಿಮ್ಮ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡದ್ದು ಅದು ಎಲ್ಲಕ್ಕಿಂತ ಕಠಿಣವಾದುದರಿಂದ. ಮನೆಯಿಂದ ಹೊರಬರಲಾರದವರಿಗಾಗಿ ಯಹೂದಿ ಸಂಸ್ಥೆಗಳು ರೂಪಿಸಿದ ಎರಡು ಬಗೆಗಳನ್ನು ಹೇಳುತ್ತೇನೆ. ನ್ಯೂಯಾರ್ಕ್‌ನ ‘ಡೊರೊಟ್’ ಎಂಬ ಸಂಸ್ಥೆಯನ್ನು 1976ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆರಂಭಿಸಿದರು. ಒಂಟಿಯಾಗಿರುವ ವೃದ್ಧರ ಮನೆಗೆ ಯುವಕರು ಹೋಗಿ ಮಾತನಾಡಿಸಿ ಬರುವುದು, ಹಬ್ಬದ ಮುನ್ನಾದಿನಗಳಲ್ಲಿ ಆಹಾರದ ಪೊಟ್ಟಣ ಒಯ್ದು ಒಂದಿಷ್ಟು ಹೊತ್ತು ಕೂರುವುದು ಅದರ ಮುಖ್ಯ ಕೆಲಸ. ಇದರೊಂದಿಗೆ ಅವರು ಟೆಲಿಫೋನಿನಲ್ಲಿಯೇ ತರಗತಿಗಳನ್ನು ನಡೆಸಿದರು. ಹತ್ತಾರು ಜನ ತಮ್ಮ ತಮ್ಮ ಮನೆಯಲ್ಲಿ ಕುಳಿತು ಒಂದೇ ಕರೆಯಲ್ಲಿ ಸೇರಿ ಸಂಗೀತ, ಇತಿಹಾಸ, ಕಲೆ ಇತ್ಯಾದಿಗಳ ಬಗ್ಗೆ ಕೇಳುತ್ತಾರೆ, ಪ್ರಶ್ನಿಸುತ್ತಾರೆ. ಓದು ಬರಹ ಬಾರದವರೂ ಇಂಥದ್ದರಲ್ಲಿ ಭಾಗವಹಿಸಬಹುದು. ಕಲಬುರಗಿಯ ನಾಲ್ಕೈದು ಮನೆಗಳ ಹಿರಿಯ ಹೆಣ್ಣುಮಕ್ಕಳನ್ನು ಒಂದು ಮೊಬೈಲ್ ಕರೆಯಲ್ಲಿ ಸೇರಿಸಿ ಬೀಸುವ ಪದ, ಸೋಬಾನೆ ಪದ ಹಾಡಿಸಿದರೆ ಆ ತರಗತಿಯಲ್ಲಿ ಗುರು ಯಾರು, ಶಿಷ್ಯರು ಯಾರು ಎಂದು ಹೇಳುವುದೇ ಕಷ್ಟವಾದೀತು. ಕೇಳುವುದಕ್ಕೆ ಕಾಲೇಜಿನ ಇಬ್ಬರು ಹುಡುಗಿಯರನ್ನು ಸೇರಿಸಿ, ಪದಗಳನ್ನು ಬರೆದುಕೊಳ್ಳಲು ಹೇಳಿ.

ಇನ್ನೊಂದು ಬಗೆ ಇಸ್ರೇಲಿನ ‘ಆಸರೆಯ ನೆರೆಹೊರೆ’ಗಳದು. 1980ರ ದಶಕದ ಕೊನೆಯಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಒಂದು ಬಡಾವಣೆಯ ಹಿರಿಯರು ತಿಂಗಳಿಗೆ ಸಣ್ಣ ಶುಲ್ಕ ಕೊಟ್ಟು ಸದಸ್ಯರಾಗುತ್ತಾರೆ. ಬಡವರಿಗೆ ಸರ್ಕಾರದ ನೆರವಿದೆ. ಪ್ರತಿ ಬಡಾವಣೆಗೂ ಒಬ್ಬ ‘ಸಮುದಾಯದ ತಂದೆ’ ಇರುತ್ತಾನೆ. ನಲ್ಲಿ ಸೋರಿದರೆ, ಬಲ್ಬು ಹೋದರೆ ನೋಡಿಕೊಳ್ಳುವುದು, ಎಲ್ಲರ ಮನೆಗೂ ಆಗಾಗ ಹೋಗಿ ವಿಚಾರಿಸುವುದು ಅವನ ಕೆಲಸ. ಕೊರಳಿಗೋ ಕೈಗೋ ಕಟ್ಟಿಕೊಂಡ ಗುಂಡಿ ಒತ್ತಿದರೆ ಹಗಲಿರುಳೂ ಉತ್ತರಿಸುವ ಕೇಂದ್ರವಿದೆ, ವೈದ್ಯರನ್ನು ಮನೆಗೆ ಕರೆಸುವ ಅನುಕೂಲವಿದೆ, ಜೊತೆಗೆ ಕೂಡಿ ನಲಿಯುವ ಕಾರ್ಯಕ್ರಮಗಳಿವೆ. ನಮ್ಮ ವಾಡೆಯ ಓಣಿಗಳಲ್ಲಿ ಕಟ್ಟೆಯ ಮೇಲೆ ಕುಳಿತ ಯಾರಾದರೊಬ್ಬರು ಸಂಬಳವಿಲ್ಲದೆ ಮಾಡುತ್ತಿದ್ದ ಕೆಲಸವೇ ಇದು. ಓಣಿ ಹೋಗಿ ಅಪಾರ್ಟ್‌ಮೆಂಟ್ ಬಂದಾಗ ಆ ಕೆಲಸಕ್ಕೆ ಸಂಬಳದ ಮನುಷ್ಯ ಬೇಕಾಯಿತು. ನಮ್ಮಲ್ಲಿ ಸದ್ಯಕ್ಕೆ ಅಂಥ ಗುಂಡಿ ಇಲ್ಲದವರು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಅನ್ನು ಅತ್ತೆಯವರ ಮೊಬೈಲಿನಲ್ಲಿ ಉಳಿಸಿಡಬಹುದು. ಆದರೆ ಅದು ಮಾಹಿತಿಗೂ ಮಾರ್ಗದರ್ಶನಕ್ಕೂ ಇರುವುದು, ತುರ್ತು ಚಿಕಿತ್ಸೆಗೆ 108ನ್ನೇ ಕರೆಯಬೇಕು.

ಅತ್ತೆಯವರ ಸಿಟ್ಟಿನ ವಿಷಯ. ಅವರ ಕೈಗೆ ಏನು ಬರುತ್ತದೆ ಎಂಬುದನ್ನು ನೀವು ಬರೆದಿಲ್ಲ. ಆ ವಯಸ್ಸಿನ, ನಮ್ಮ ಸೀಮೆಯ ಹೆಣ್ಣುಮಗಳಿಗೆ ಕೌದಿ ಹೊಲಿಯುವುದು ಬಾರದಿರುವುದು ಅಪರೂಪ. ಹಳೆಯ ಸೀರೆ, ಧೋತರದ ಪದರಗಳನ್ನು ಹಾಸಿ, ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಗೆ ಹೊಲಿಗೆ ಹಾಕುತ್ತ ಹೋಗುವ ಈ ಕೆಲಸ ಮೂಲತಃ ಒಬ್ಬರದಲ್ಲ, ನಾಲ್ಕು ಜನ ನಾಲ್ಕು ಬದಿಗೆ ಕುಳಿತು ಮಾಡುವಂಥದ್ದು. ದೊಡ್ಡ ಊರುಗಳ ಅಂಗಡಿಗಳಲ್ಲಿ ಈಗ ಇಂಥ ಕೌದಿಗೆ ಒಳ್ಳೆಯ ಬೆಲೆಯಿದೆ. ಜೆರುಸಲೇಂನ ಕಾರ್ಯಾಗಾರದಲ್ಲಿರುವಂತೆ ಹಂತಗಳನ್ನು ಹಂಚಿಕೊಳ್ಳಬಹುದು: ಸೂಜಿಗೆ ದಾರ ಪೋಣಿಸಲಾರದವರು ಬಣ್ಣ ಹೊಂದಿಸಲಿ, ಕೆಳಗೆ ಕೂರಲಾಗದವರಿಗೆ ಮೇಜಿನ ಎತ್ತರಕ್ಕೆ ಮಂಚ ಹಾಕಿ. ನಿಮ್ಮ ಮನೆಯ ಪಡಸಾಲೆಯಲ್ಲಿಯೇ ಆರಂಭಿಸಿ, ನೆರೆಯ ಮೂವರನ್ನು ಕರೆಯಿರಿ. ಮೊದಲ ಕೌದಿಯನ್ನು ಮನೆಯವರೇ ಕೊಳ್ಳುವುದಾದರೂ ಹಣವನ್ನು ಅವರ ಕೈಗೇ ಕೊಡಿ, ಲೆಕ್ಕ ಕೇಳಬೇಡಿ. ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ, ಆದ್ದರಿಂದ ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ಮುಗಿಸುವಂತೆ ವೇಳೆ ಇಟ್ಟುಕೊಳ್ಳಿ. ನೀವು ಕೆಲಸಕ್ಕೆ ಹೊರಡುವ ಹೊತ್ತಿಗೆ ಅವರಿಗೂ ತಮ್ಮದೇ ಆದ ಕೆಲಸವೊಂದು ಇರುತ್ತದೆ. ಮಂಡಿನೋವಿಗೆ ಮಾತ್ರ ಮೂಳೆ ವೈದ್ಯರನ್ನು ಒಮ್ಮೆ ಕಾಣಿಸಿ, ವ್ಯಾಯಾಮ ಹೇಳಿಕೊಟ್ಟರೆ ಅದನ್ನು ತಪ್ಪಿಸಬೇಡಿ.